ನಾಗಮಂಗಲದ ಡೇರಿಯಲ್ಲಿರುವ ಬೋರ್ಡಿಗೆ ಮೈಸೂರಿನಿಂದ ಜಿಡಿಬಿ ಜೋಡಿಸಿದರೆ ಪ್ರೋಗ್ರಾಂ ಸಾಯುತ್ತಿದೆ, ಯಾಕೆ?

ಹೆಬ್ಬಾಳ_ಬೋರ್ಡ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಹಳ್ಳಿಗಳ ಹಾಲಿನ ಡೇರಿಗೆ ನಾವು ಒಂದು ಪೆಟ್ಟಿಗೆ ಮಾಡಿಕೊಡುತ್ತೇವೆ. ಒಳಗೆ 32 ಬಿಟ್‌ನ ಆರ್ಮ್ ಬೋರ್ಡ್, ಅದರಲ್ಲಿ ಡೆಬಿಯನ್ ಲಿನಕ್ಸ್. ಒಂದು ಸೀರಿಯಲ್ ಪೋರ್ಟಿಗೆ ತೂಕದ ಯಂತ್ರ, ಇನ್ನೊಂದಕ್ಕೆ ಫ್ಯಾಟ್ ನೋಡುವ ಅನಲೈಸರ್. ಹಾಲು ಹಾಕುವವರು ತಮ್ಮ ನಂಬರ್ ಹೇಳಿದರೆ ತೂಕ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನ ಅಂಶ), ದುಡ್ಡು ಎಲ್ಲ ಲೆಕ್ಕ ಆಗಿ ಚೀಟಿ ಬರುತ್ತದೆ. ಪ್ರೋಗ್ರಾಂ ಸಿ ಭಾಷೆಯಲ್ಲಿದೆ. ಮೂರು ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಒಟ್ಟಿಗೆ ಓಡುವ ಕೆಲಸಗಳು): ಒಂದು ತೂಕ ಮತ್ತು ಡಿಸ್‌ಪ್ಲೇ ನೋಡಿಕೊಳ್ಳುತ್ತದೆ, ಒಂದು ಅನಲೈಸರ್ ಜೊತೆ ಮಾತಾಡುತ್ತದೆ, ಮೂರನೆಯದು ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಗೆ "ನಾನು ಬದುಕಿದ್ದೇನೆ" ಅಂತ ಹೇಳುತ್ತಿರುತ್ತದೆ.

ನಾಗಮಂಗಲ ತಾಲ್ಲೂಕಿನ ಒಂದು ಡೇರಿಯಲ್ಲಿ ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಪ್ರೋಗ್ರಾಂ ಆಗಾಗ ನಿಂತುಬಿಡುತ್ತದೆ. ಕ್ರ್ಯಾಶ್ ಅಲ್ಲ. ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ತೂಕದ ಅಂಕಿ ಇದ್ದಲ್ಲೇ ನಿಲ್ಲುತ್ತದೆ, ಬಟನ್ ಒತ್ತಿದರೆ ಉತ್ತರ ಇಲ್ಲ. ಸೆಕ್ರೆಟರಿ ಸ್ವಿಚ್ ಆಫ್ ಮಾಡಿ ಆನ್ ಮಾಡುತ್ತಾರೆ, ಸರಿಹೋಗುತ್ತದೆ. ಅಷ್ಟರಲ್ಲಿ ಹೊರಗೆ ಕ್ಯಾನ್ ಹಿಡಿದವರ ಸಾಲು ಬೆಳೆದಿರುತ್ತದೆ. ನಮ್ಮ ಆಫೀಸಿನ ಟೇಬಲ್ ಮೇಲೆ ಅದೇ ಬೋರ್ಡ್, ಅದೇ ಪ್ರೋಗ್ರಾಂ ಹಗಲೂ ರಾತ್ರಿ ಓಡಿಸಿದರೂ ನಿಲ್ಲುವುದಿಲ್ಲ. ಹಾಗಾಗಿ ನಿಂತಿರುವ ಹೊತ್ತಿನಲ್ಲೇ ದೂರದಿಂದ ಜಿಡಿಬಿ (ಪ್ರೋಗ್ರಾಮನ್ನು ನಿಲ್ಲಿಸಿ ಒಳಗೆ ನೋಡುವ ಡೀಬಗ್ಗರ್) ಜೋಡಿಸಿ ನೋಡೋಣ ಅಂತ ಹೊರಟೆ.

ಬೋರ್ಡಿಗೆ ಇಂಟರ್ನೆಟ್ ಸಿಮ್ ಮೂಲಕ. ಬೋರ್ಡಿನಿಂದ ನಮ್ಮ ಕ್ಲೌಡ್ ಸರ್ವರಿಗೆ ಎಸ್‌ಎಸ್‌ಎಚ್ ರಿವರ್ಸ್ ಟನಲ್ ಇದೆ. ಕ್ಲೌಡ್ ಸರ್ವರಿನ 2345ನೇ ಪೋರ್ಟಿಗೆ ಬಂದದ್ದು ಬೋರ್ಡಿನ 2345ಕ್ಕೆ ಹೋಗುತ್ತದೆ. ಬೋರ್ಡಿನಲ್ಲಿ ಜಿಡಿಬಿಸರ್ವರ್ (ಜಿಡಿಬಿಯ ಪರವಾಗಿ ಆ ಕಡೆ ಕೆಲಸ ಮಾಡುವ ಪ್ರೋಗ್ರಾಂ) ಅನ್ನು ಅಟ್ಯಾಚ್ ಆಯ್ಕೆಯಲ್ಲಿ, ಪ್ರೋಸೆಸ್ ನಂಬರ್ ಕೊಟ್ಟು ಶುರು ಮಾಡುತ್ತೇನೆ. ಇಲ್ಲಿ ಉಬುಂಟು ಲ್ಯಾಪ್‌ಟಾಪ್. ಮಾಮೂಲಿ ಜಿಡಿಬಿ ರಿಜಿಸ್ಟರ್ ಪ್ಯಾಕೆಟ್ ಸರಿ ಇಲ್ಲ ಅಂತ ಬೈದಿತು, ಆಮೇಲೆ ಬೇರೆ ಪ್ರೊಸೆಸರ್‌ಗಳಿಗೂ ಆಗುವ ಜಿಡಿಬಿ-ಮಲ್ಟಿಆರ್ಚ್ ಹಾಕಿದೆ. ಈಗ ಟಾರ್ಗೆಟ್ ರಿಮೋಟ್ ಅಂದರೆ ಸೇರುತ್ತದೆ.

ತೊಂದರೆ ಶುರುವಾಗುವುದು ಅಲ್ಲಿಂದ. ಸೇರಿದ ಮೇಲೆ ಲೈಬ್ರರಿ ಫೈಲ್‌ಗಳನ್ನು ಟಾರ್ಗೆಟ್‌ನಿಂದ ಓದುತ್ತಿದ್ದೇನೆ ಅಂತ ಒಂದೊಂದೇ ಸಾಲು ಬರುತ್ತದೆ, ತುಂಬ ಹೊತ್ತು. ಪ್ರಾಂಪ್ಟ್ ಬಂದ ಮೇಲೆ ಕಂಟಿನ್ಯೂ ಅಂದ ತಕ್ಷಣ ಪ್ರೋಗ್ರಾಮಿಗೆ ಸಿಗ್‌ಅಬಾರ್ಟ್ (ಮುಗಿಸಿಕೋ ಅನ್ನುವ ಸಿಗ್ನಲ್) ಬಂತು ಅಂತ ನಿಲ್ಲುತ್ತದೆ. ಇನ್ನೂ ತಡ ಮಾಡಿದರೆ ಸಿಗ್‌ಕಿಲ್‌ನಿಂದ (ತಡೆಯಲಾಗದ, ಸಾಯಿಸುವ ಸಿಗ್ನಲ್) ಪ್ರೋಗ್ರಾಂ ಮುಗಿಯಿತು ಅಂತ ತೋರಿಸುತ್ತದೆ. ಆ ಕಡೆ ಹೊಸ ಪ್ರೋಸೆಸ್ ನಂಬರಿನಲ್ಲಿ ಪ್ರೋಗ್ರಾಂ ಮತ್ತೆ ಎದ್ದಿರುತ್ತದೆ, ನಾನು ನೋಡಬೇಕಿದ್ದದ್ದು ಹೋಗಿರುತ್ತದೆ. ಸರ್ವಿಸ್ ಫೈಲ್‌ನಲ್ಲಿ ವಾಚ್‌ಡಾಗ್‌ಸೆಕ್ 30, ರೀಸ್ಟಾರ್ಟ್ ಆಲ್ವೇಸ್ ಇದೆ.

ಓಡುತ್ತಿರುವ ಪ್ರೋಗ್ರಾಮಿಗೆ ಜಿಡಿಬಿ ಜೋಡಿಸಿದರೆ ಅದು ಸಾಯಲೇಬೇಕಾ? ಸಾಯಿಸದೆ ಒಳಗೆ ಏನಾಗಿದೆ ಅಂತ ನೋಡುವ ದಾರಿ ಹೇಳಿ. ಬೆಳಗಿನ ಹಾಲಿನ ಹೊತ್ತಿನಲ್ಲಿ ಡೇರಿಯವರನ್ನು ಜಾಸ್ತಿ ಕಾಯಿಸುವ ಹಾಗಿಲ್ಲ.

ಮಳವಳ್ಳಿ_ಸರ್ವಿಸ್ ಉತ್ತರ:

ಡೀಬಗ್ಗರ್ ವಿಷಯ ಬಲ್ಲವರು ಹೇಳುತ್ತಾರೆ ಸಾರ್. ನಾನು ಡೇರಿ ಕಡೆಯಿಂದ ಒಂದು ಮಾತು ಕೇಳುತ್ತೇನೆ. ನಿಮ್ಮ ಪೆಟ್ಟಿಗೆಗೆ ಒಳಗೆ ಬ್ಯಾಟರಿ ಇದೆಯಾ? ಅನಲೈಸರ್ ಪ್ಲಗ್ ಎಲ್ಲಿದೆ? ನಾನು ಹೋಗುವ ಡೇರಿಗಳಲ್ಲಿ ಕಂಪ್ಯೂಟರ್, ಪೆಟ್ಟಿಗೆ ಎಲ್ಲ ಯುಪಿಎಸ್ ಮೇಲೆ ಇರುತ್ತದೆ. ಅನಲೈಸರ್ ಮಾತ್ರ ಗೋಡೆಯ ಪ್ಲಗ್ಗಿಗೆ ನೇರವಾಗಿ ಹಾಕಿರುತ್ತಾರೆ, ಯುಪಿಎಸ್ ಬಾಕ್ಸಿನಲ್ಲಿ ಜಾಗ ಇಲ್ಲ ಅಂತ. ಬೆಳಗ್ಗೆ ಕರೆಂಟ್ ಒಂದು ಸಲ ಕಣ್ಣು ಮಿಟುಕಿಸಿದರೆ ಪೆಟ್ಟಿಗೆಗೆ ಗೊತ್ತೇ ಆಗುವುದಿಲ್ಲ. ಅನಲೈಸರ್ ಮಾತ್ರ ಆಫ್ ಆಗಿ ಮತ್ತೆ ಮೊದಲಿಂದ ಶುರುವಾಗುತ್ತದೆ. ನಿಮ್ಮ ಆಫೀಸಿನಲ್ಲಿ ಜನರೇಟರ್ ಇರುತ್ತದೆ, ಅಲ್ಲಿ ಈ ಪರಿಸ್ಥಿತಿ ಬರುವುದೇ ಇಲ್ಲ ಅಲ್ವಾ? ನಿಂತ ದಿನ ಕರೆಂಟ್ ಹೋಗಿ ಬಂದಿತ್ತಾ ಅಂತ ಸೆಕ್ರೆಟರಿಯವರನ್ನು ಕೇಳಿ ನೋಡಿ.

ಸರಸ್ವತಿಪುರಂ ಉತ್ತರ:

ಮಳವಳ್ಳಿಯವರ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪ್ರೋಗ್ರಾಮನ್ನು ಜಿಡಿಬಿ ಸಾಯಿಸುತ್ತಿಲ್ಲ. ಸಿಸ್ಟಮ್‌ಡಿ ಸಾಯಿಸುತ್ತಿದೆ. ನೀವು ಅಟ್ಯಾಚ್ ಮಾಡಿದಾಗ ಸಿಕ್ಕಿಕೊಂಡಿರುವ ಥ್ರೆಡ್ ಒಂದೇ ನಿಲ್ಲುವುದಿಲ್ಲ, ಎಲ್ಲ ಥ್ರೆಡ್‌ಗಳೂ ನಿಲ್ಲುತ್ತವೆ. "ನಾನು ಬದುಕಿದ್ದೇನೆ" ಅಂತ ಹೇಳುವ ಮೂರನೇ ಥ್ರೆಡ್ ಕೂಡ. 30 ಸೆಕೆಂಡ್ ಆ ಮಾತು ಬರದಿದ್ದರೆ ಸಿಸ್ಟಮ್‌ಡಿ ಸಿಗ್‌ಅಬಾರ್ಟ್ ಕಳಿಸುತ್ತದೆ. ಈ ಕಾವಲಿಗೇ ವಾಚ್‌ಡಾಗ್ ಅನ್ನುವುದು. ಪ್ರೋಗ್ರಾಂ ಡೀಬಗ್ಗರ್ ಕೈಯಲ್ಲಿ ನಿಂತಿದೆಯಲ್ಲ, ಹಾಗಾಗಿ ಆ ಸಿಗ್ನಲ್ ಬಾಗಿಲಲ್ಲೇ ಕಾಯುತ್ತದೆ. ನೀವು ಕಂಟಿನ್ಯೂ ಅಂದಾಗ ಒಳಗೆ ಬರುತ್ತದೆ, ನಿಮಗೆ ಕಾಣುತ್ತದೆ. ನೀವು ಕಂಟಿನ್ಯೂ ಅನ್ನದೇ ಇದ್ದರೆ ಸಿಸ್ಟಮ್‌ಡಿ ಇನ್ನೂ ಸ್ವಲ್ಪ ಕಾಯುತ್ತದೆ, ಬದಲಾಯಿಸದೇ ಇದ್ದರೆ 90 ಸೆಕೆಂಡ್. ಆಮೇಲೆ ಸಿಗ್‌ಕಿಲ್. ಅದಕ್ಕೆ ಡೀಬಗ್ಗರ್ ಕೂಡ ಅಡ್ಡ ಬರಲಾರದು. ರೀಸ್ಟಾರ್ಟ್ ಆಲ್ವೇಸ್ ಇರುವುದರಿಂದ ಹೊಸ ಪ್ರೋಸೆಸ್ ಏಳುತ್ತದೆ. ನೀವು ಬರೆದಿರುವ ಎಲ್ಲ ಲಕ್ಷಣವೂ ಇದಕ್ಕೆ ಹೊಂದುತ್ತದೆ. ಬೋರ್ಡಿನಲ್ಲಿ ಜರ್ನಲ್‌ಸಿಟಿಎಲ್ (ಸಿಸ್ಟಮ್‌ಡಿಯ ಲಾಗ್ ತೋರಿಸುವ ಆಜ್ಞೆ) ಓಡಿಸಿ ಆ ಹೊತ್ತಿನ ಸಾಲು ನೋಡಿ, ವಾಚ್‌ಡಾಗ್ ಟೈಮ್‌ಔಟ್ ಅಂತ ಬರೆದಿರುತ್ತದೆ.

ಸಿಗ್‌ಅಬಾರ್ಟ್ ಅನ್ನು ಪ್ರೋಗ್ರಾಮಿಗೆ ಕೊಡಬೇಡ ಅಂತ ಜಿಡಿಬಿಗೆ ಹೇಳಿದರೆ ಸಾಲದಾ ಅಂತ ಅನ್ನಿಸಬಹುದು. ಸಾಲದು. ಸಿಸ್ಟಮ್‌ಡಿ ಆಗಲೇ ಈ ಪ್ರೋಗ್ರಾಂ ಹೋಗಬೇಕು ಅಂತ ತೀರ್ಮಾನ ಮಾಡಿರುತ್ತದೆ, ಹಿಂದೆಯೇ ಸಿಗ್‌ಕಿಲ್ ಬರುತ್ತದೆ. ಅಟ್ಯಾಚ್ ಮಾಡುವ ಮುಂಚೆಯೇ ವಾಚ್‌ಡಾಗ್ ಅನ್ನು ಸುಮ್ಮನಿರಿಸಬೇಕು. ಹೊಸ ಸಿಸ್ಟಮ್‌ಡಿಯಲ್ಲಿ, ಅಂದರೆ 244ನೇ ಆವೃತ್ತಿಯಿಂದ ಈಚೆಗೆ, ಸಿಸ್ಟಮ್‌ಸಿಟಿಎಲ್‌ಗೆ ಸರ್ವಿಸ್-ವಾಚ್‌ಡಾಗ್ಸ್ ನೋ ಅಂತ ಹೇಳಬಹುದು. ಪ್ರೋಗ್ರಾಮನ್ನು ಮತ್ತೆ ಶುರು ಮಾಡುವ ಅಗತ್ಯ ಇಲ್ಲ, ನಿಂತ ಸ್ಥಿತಿಯೂ ಕೆಡುವುದಿಲ್ಲ. ಆದರೆ ಇದು ಬೋರ್ಡಿನಲ್ಲಿರುವ ಎಲ್ಲ ಸರ್ವಿಸ್‌ಗಳಿಗೂ ಅನ್ವಯ ಆಗುತ್ತದೆ. ಕೆಲಸ ಮುಗಿದ ಮೇಲೆ ಮರೆಯದೆ ಯೆಸ್ ಮಾಡಿ.

ಈಗ ಇನ್ನೊಂದು ಪ್ರಶ್ನೆ. ಬ್ಯಾಕ್‌ಟ್ರೇಸ್ (ಥ್ರೆಡ್ ಯಾವ ಫಂಕ್ಷನ್‌ನಲ್ಲಿ ನಿಂತಿದೆ, ಅಲ್ಲಿಗೆ ಹೇಗೆ ಬಂತು ಅನ್ನುವ ಪಟ್ಟಿ) ತೆಗೆಯಲು 30 ಸೆಕೆಂಡ್ ಯಾಕೆ ಬೇಕಾಯಿತು? ಅದು ಕ್ಷಣದ ಕೆಲಸ. ನೀವೇ ಬರೆದಿದ್ದೀರಿ, ಲೈಬ್ರರಿ ಓದುವ ಸಾಲುಗಳು ತುಂಬ ಹೊತ್ತು ಬಂದವು ಅಂತ. ಜಿಡಿಬಿ 7.10ರಿಂದ ಈಚೆಗೆ ಸಿಸ್ರೂಟ್ (ಲೈಬ್ರರಿ ಫೈಲ್ ಹುಡುಕುವ ಜಾಗ) ಅನ್ನು ನೀವು ಹೇಳದಿದ್ದರೆ ಅದು ಟಾರ್ಗೆಟ್ ಅಂತಲೇ ಇರುತ್ತದೆ. ಅಂದರೆ ಸಿ ಲೈಬ್ರರಿ ಮತ್ತು ಉಳಿದ ಲೈಬ್ರರಿಗಳನ್ನೆಲ್ಲ ಜಿಡಿಬಿ ಬೋರ್ಡಿನಿಂದಲೇ ತರಿಸಿಕೊಳ್ಳುತ್ತದೆ. ನಾಗಮಂಗಲದ ಹಳ್ಳಿಯ ಸಿಮ್ ಮೇಲೆ, ತುಂಡು ತುಂಡಾಗಿ. ಅಷ್ಟು ಹೊತ್ತೂ ನಿಮ್ಮ ಪ್ರೋಗ್ರಾಂ ನಿಂತೇ ಇರುತ್ತದೆ. ಸೆಟ್ ಡೀಬಗ್ ರಿಮೋಟ್ 1 ಅಂತ ಕೊಟ್ಟು ನೋಡಿದರೆ ಸಾಲು ಸಾಲಾಗಿ ಫೈಲ್ ಓದುವ ವಿಫೈಲ್ ಪ್ರೀಡ್ ಪ್ಯಾಕೆಟ್‌ಗಳು ಹರಿಯುವುದು ಕಾಣುತ್ತದೆ. ಆ ಫೈಲ್‌ಗಳು ನಿಮ್ಮ ಟೇಬಲ್ ಮೇಲಿನ ಬೋರ್ಡಿನಲ್ಲೂ ಇವೆ ಅಲ್ವಾ? ಅದರ ಲಿಬ್ ಮತ್ತು ಯೂಸರ್ ಲಿಬ್ ಫೋಲ್ಡರ್‌ಗಳನ್ನು ಲ್ಯಾಪ್‌ಟಾಪಿಗೆ ಕಾಪಿ ಮಾಡಿ ಸಿಸ್ರೂಟ್ ಅಲ್ಲಿಗೆ ತೋರಿಸಿ. ಎರಡೂ ಬೋರ್ಡಿನ ಡೆಬಿಯನ್ ಒಂದೇ ಅಪ್‌ಡೇಟ್‌ನಲ್ಲಿ ಇರಬೇಕು. ಇಲ್ಲದಿದ್ದರೆ ವಿಳಾಸಗಳು ಹೊಂದದೆ ಬ್ಯಾಕ್‌ಟ್ರೇಸ್ ಅಸಂಬದ್ಧವಾಗಿ ಬರುತ್ತದೆ.

ಇದೇ ಕಾಳಜಿ ನಿಮ್ಮ ಸ್ವಂತ ಪ್ರೋಗ್ರಾಮಿಗೂ ಬೇಕು. ಬೋರ್ಡಿನಲ್ಲಿ ಸ್ಟ್ರಿಪ್ ಮಾಡಿದ, ಅಂದರೆ ಸಿಂಬಲ್ (ಫಂಕ್ಷನ್, ವೇರಿಯಬಲ್‌ಗಳ ಹೆಸರು) ತೆಗೆದ ಫೈಲ್ ಇದ್ದರೆ ಏನೂ ತೊಂದರೆ ಇಲ್ಲ, ಜಿಡಿಬಿಸರ್ವರ್‌ಗೆ ಸಿಂಬಲ್ ಬೇಕಾಗಿಲ್ಲ. ಸಿಂಬಲ್ ಇರುವ ಫೈಲ್ ಲ್ಯಾಪ್‌ಟಾಪಿನಲ್ಲಿ ಇದ್ದರೆ ಸಾಕು. ಆದರೆ ಅದು ಅದೇ ಬಿಲ್ಡ್ ಆಗಿರಬೇಕು. ಅದೇ ಸೋರ್ಸ್‌ನಿಂದ ಇನ್ನೊಂದು ಸಲ ಕಂಪೈಲ್ ಮಾಡಿದ್ದನ್ನು ನಂಬಬೇಡಿ. ಎರಡರ ಮೇಲೂ ಫೈಲ್ ಅನ್ನುವ ಆಜ್ಞೆ ಓಡಿಸಿ ಬಿಲ್ಡ್‌ಐಡಿ (ಆ ಬಿಲ್ಡ್‌ನ ಗುರುತು) ನೋಡಿ. ಸ್ಟ್ರಿಪ್ ಮಾಡಿದರೂ ಬಿಲ್ಡ್‌ಐಡಿ ಉಳಿದಿರುತ್ತದೆ. ಅದು ಹೊಂದಿದರೆ ಮುಂದೆ ಹೋಗಿ.

ಎಲ್ಲಕ್ಕಿಂತ ಮೊದಲು, ಇವತ್ತೇ, ಕ್ಲೌಡ್ ಸರ್ವರಿನ ಆ 2345 ಪೋರ್ಟ್ ಮುಚ್ಚಿ. ಜಿಡಿಬಿಸರ್ವರ್‌ನಲ್ಲಿ ಪಾಸ್‌ವರ್ಡ್ ಇಲ್ಲ, ಗುರುತು ಕೇಳುವುದಿಲ್ಲ. ಅದನ್ನು ಯಾವ ಯೂಸರ್ ಓಡಿಸುತ್ತಾನೋ ಅವನ ಪೂರ್ತಿ ಅಧಿಕಾರ ಸೇರಿದವರಿಗೆ ಸಿಗುತ್ತದೆ. ಸಾರ್ವಜನಿಕ ನೆಟ್‌ವರ್ಕಿಗೆ ತೆರೆದಿಡಬೇಡಿ ಅಂತ ಜಿಡಿಬಿ ಕೈಪಿಡಿಯಲ್ಲೇ ಎಚ್ಚರಿಕೆ ಇದೆ. ಹೋಸ್ಟ್ ಹೆಸರು ಕೊಟ್ಟರೆ ಅಲ್ಲಿಂದ ಮಾತ್ರ ಬರಬಹುದು ಅಂತ ಅಂದುಕೊಳ್ಳಬೇಡಿ, ಆ ಭಾಗವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ಬೋರ್ಡಿನಲ್ಲಿ ಒಂದು ಊರಿನ ಹಾಲಿನ ದುಡ್ಡಿನ ಲೆಕ್ಕ ಇದೆ. ಯಾರೋ ಪೋರ್ಟ್ ಹುಡುಕಿಕೊಂಡು ಬಂದು ಮೆಮೊರಿಯಲ್ಲಿ ಒಂದು ಅಂಕಿ ತಿದ್ದಿದರೆ ಹಾಲು ಹಾಕಿದವರಿಗೆ ಹೋಗಬೇಕಾದ ದುಡ್ಡು ಹೋಗುವುದಿಲ್ಲ.

ಪೋರ್ಟ್ ಬೇಡವೇ ಬೇಡ. ಎಸ್‌ಎಸ್‌ಎಚ್ ಒಳಗೇ ಜಿಡಿಬಿ ಮಾತಾಡಬಹುದು. ಬೋರ್ಡಿನ 22ನೇ ಪೋರ್ಟ್ ಮಾತ್ರ ರಿವರ್ಸ್ ಟನಲ್‌ನಲ್ಲಿ ಕ್ಲೌಡ್ ಸರ್ವರಿನ ಲೋಕಲ್‌ಹೋಸ್ಟ್‌ಗೆ ಬರಲಿ. ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಪ್ರಾಕ್ಸಿಜಂಪ್ (ಕ್ಲೌಡ್ ಸರ್ವರ್ ಮೂಲಕ ಬೋರ್ಡಿಗೆ ಹೋಗುವ ಆಯ್ಕೆ) ಹಾಕಿ ಅದಕ್ಕೆ "ಡೇರಿ" ಅಂತ ಹೆಸರಿಡಿ. ಆಮೇಲೆ ಜಿಡಿಬಿ-ಮಲ್ಟಿಆರ್ಚ್‌ನಲ್ಲಿ, ಇದೇ ಕ್ರಮದಲ್ಲಿ (ಓದಲು ಸುಲಭ ಆಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ):

ಫೈಲ್, ಅದರ ಮುಂದೆ ಸಿಂಬಲ್ ಇರುವ ನಿಮ್ಮ ಪ್ರೋಗ್ರಾಮಿನ ಹೆಸರು
ಸೆಟ್ ಸಿಸ್ರೂಟ್, ಅದರ ಮುಂದೆ ಕಾಪಿ ಮಾಡಿದ ಫೋಲ್ಡರ್
ಸೆಟ್ ರಿಮೋಟ್‌ಟೈಮ್‌ಔಟ್ 30
ಟಾರ್ಗೆಟ್ ರಿಮೋಟ್ | ಎಸ್‌ಎಸ್‌ಎಚ್ -ಟಿ ಡೇರಿ ಸುಡೊ ಜಿಡಿಬಿಸರ್ವರ್ --ಅಟ್ಯಾಚ್ - 812
ಥ್ರೆಡ್ ಅಪ್ಲೈ ಆಲ್ ಬಿಟಿ
ಡಿಟ್ಯಾಚ್

812 ಇರುವಲ್ಲಿ ನಿಮ್ಮ ಪ್ರೋಸೆಸ್ ನಂಬರ್. ಟಿ ಅನ್ನುವುದು ದೊಡ್ಡಕ್ಷರ. ಅಟ್ಯಾಚ್ ಪದದ ಮುಂದೆ ಬರುವ ಒಂಟಿ ಗೆರೆಯ ಅರ್ಥ, ಪೋರ್ಟ್ ಬದಲು ಇದೇ ಎಸ್‌ಎಸ್‌ಎಚ್ ದಾರಿಯಲ್ಲಿ ಮಾತಾಡು ಅಂತ. ಸುಡೊ ಪಾಸ್‌ವರ್ಡ್ ಕೇಳುವ ಹಾಗಿರಬಾರದು, ಕೇಳಿದರೆ ಈ ದಾರಿ ಅಲ್ಲೇ ಕಟ್ಟಿಹೋಗುತ್ತದೆ. ಜಿಡಿಬಿಸರ್ವರ್ ಒಂದಕ್ಕೆ ಮಾತ್ರ, ಆ ಒಬ್ಬ ಯೂಸರಿಗೆ ಮಾತ್ರ ಪಾಸ್‌ವರ್ಡ್ ಇಲ್ಲದೆ ಬಿಡಿ. ರಿಮೋಟ್‌ಟೈಮ್‌ಔಟ್ ಹೇಳದೇ ಇದ್ದರೆ 2 ಸೆಕೆಂಡ್ ಮಾತ್ರ ಇರುತ್ತದೆ, ಹಳ್ಳಿಯ ಸಿಮ್‌ಗೆ ಅದು ತೀರ ಕಡಿಮೆ. ಸಿಸ್ರೂಟ್ ಅನ್ನು ಟಾರ್ಗೆಟ್‌ಗಿಂತ ಮುಂಚೆ ಕೊಡಬೇಕು, ಆಮೇಲೆ ಕೊಟ್ಟರೆ ಅಷ್ಟರಲ್ಲಿ ಫೈಲ್ ಎಳೆಯುವುದು ಶುರುವಾಗಿರುತ್ತದೆ.

ಇವನ್ನು ಕೈಯಲ್ಲಿ ಒಂದೊಂದಾಗಿ ಟೈಪ್ ಮಾಡುತ್ತಾ ಕೂರಬೇಡಿ. ಒಂದು ಫೈಲ್‌ನಲ್ಲಿ ಬರೆದಿಟ್ಟು ಜಿಡಿಬಿಯನ್ನು ಬ್ಯಾಚ್ ಆಯ್ಕೆಯಲ್ಲಿ ಓಡಿಸಿ, ಬಂದದ್ದೆಲ್ಲ ಒಂದು ಫೈಲಿಗೆ ಹೋಗಲಿ. ಡೇರಿಯಲ್ಲಿ ಪ್ರತಿಯೊಬ್ಬರ ಹಾಲಿನಿಂದ ಒಂದು ಸಣ್ಣ ಬಾಟಲಿ ಸ್ಯಾಂಪಲ್ ತೆಗೆದು ಕ್ಯಾನ್ ಮುಂದಕ್ಕೆ ಬಿಡುತ್ತಾರಲ್ಲ, ಹಾಗೆ ಮಾಡಿ. ಜೋಡಿಸಿ, ಬೇಕಾದ್ದನ್ನು ತೆಗೆದುಕೊಳ್ಳಿ, ಬಿಟ್ಟುಬಿಡಿ. ಯೋಚನೆಯನ್ನೆಲ್ಲ ಬಿಟ್ಟ ಮೇಲೆ ಮಾಡಿ. ಜನ ಬಳಸುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸಿಕೊಂಡು ಅದರ ಮುಂದೆ ಕೂತು ತಲೆ ಕೆಡಿಸಿಕೊಳ್ಳುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಆ ಕಡೆ ನಿಂತಿರುವವರು ಬೆಳಗ್ಗೆ ಐದಕ್ಕೆ ಎದ್ದು ಹಸು ಕರೆದು ಬಂದಿರುತ್ತಾರೆ. ಅವರಿಗೆ ಮನೆಯಲ್ಲಿ, ಹೊಲದಲ್ಲಿ ಕೆಲಸ ಕಾದಿರುತ್ತದೆ.

ಇನ್ನೂ ಒಂದು ದಾರಿ ಇದೆ, ನಿಮ್ಮ ಪರಿಸ್ಥಿತಿಗೆ ಅದೇ ಚೆನ್ನ ಅಂತ ನನ್ನ ಅನಿಸಿಕೆ. ಪ್ರೋಗ್ರಾಂ ನಿಂತ ಮೇಲೆ ಹೇಗೂ ಅದನ್ನು ಮತ್ತೆ ಶುರು ಮಾಡಲೇಬೇಕು. ಹಾಗಿದ್ದರೆ ಸ್ವಿಚ್ ಆಫ್ ಮಾಡುವ ಬದಲು ಅದಕ್ಕೆ ಸಿಗ್‌ಅಬಾರ್ಟ್ ಕಳಿಸಿ. ಸರ್ವಿಸ್ ಫೈಲ್‌ನಲ್ಲಿ ಲಿಮಿಟ್‌ಕೋರ್ ಇನ್ಫಿನಿಟಿ ಇದ್ದರೆ ಕೋರ್ ಫೈಲ್ (ಸಾಯುವ ಕ್ಷಣದ ಮೆಮೊರಿಯ ನಕಲು) ಬೋರ್ಡಿನಲ್ಲೇ ಉಳಿಯುತ್ತದೆ. ಕೋರ್ ಎಲ್ಲಿ ಬೀಳಬೇಕು ಅನ್ನುವುದನ್ನು ಮೊದಲೇ ನೋಡಿಟ್ಟುಕೊಳ್ಳಿ. ಪ್ರೋಗ್ರಾಂ ತಾನಾಗಿ ಎದ್ದು ಕೆಲಸಕ್ಕೆ ಕೂರುತ್ತದೆ. ಕೋರ್ ಫೈಲನ್ನು ಮಧ್ಯಾಹ್ನ ನಿಧಾನವಾಗಿ ತರಿಸಿಕೊಂಡು, ಅದೇ ಸಿಸ್ರೂಟ್, ಅದೇ ಸಿಂಬಲ್ ಇಟ್ಟು ಜಿಡಿಬಿಯಲ್ಲಿ ತೆರೆಯಿರಿ. ಎಲ್ಲ ಥ್ರೆಡ್, ಎಲ್ಲ ವೇರಿಯಬಲ್ ಅಲ್ಲೇ ಇರುತ್ತವೆ. ವಾಚ್‌ಡಾಗ್ ಕಳಿಸುವುದು ಸಿಗ್‌ಅಬಾರ್ಟೇ ಆಗಿರುವುದಕ್ಕೆ ಇದೇ ಕಾರಣ, ಸಾಯುವಾಗ ಸಾಕ್ಷಿ ಉಳಿಯಲಿ ಅಂತ.

ಏನು ಹುಡುಕಬೇಕು? ತೂಕವೂ ನಿಂತಿದೆ, ಫ್ಯಾಟೂ ನಿಂತಿದೆ, ಆದರೆ ವಾಚ್‌ಡಾಗ್ ಸುಮ್ಮನಿದೆ. ಅಂದರೆ ಮೂರನೇ ಥ್ರೆಡ್ ಆರಾಮಾಗಿ ಓಡುತ್ತಿದೆ, ಮೊದಲೆರಡು ಎಲ್ಲೋ ಕಾಯುತ್ತಾ ಸಿಕ್ಕಿಕೊಂಡಿವೆ. ಒಂದು ಥ್ರೆಡ್ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗ) ಲಾಕ್‌ನಲ್ಲಿ ನಿಂತಿದ್ದರೆ ಆ ಲಾಕ್ ಯಾರ ಕೈಯಲ್ಲಿದೆ ಅಂತ ನೋಡಿ. ಡೆಬಿಯನ್‌ನ ಸಿ ಲೈಬ್ರರಿ ಜಿಲಿಬ್‌ಸಿಯಲ್ಲಿ ಮ್ಯೂಟೆಕ್ಸ್‌ನ ಒಳಗಿನ ಡೇಟಾ ಭಾಗದಲ್ಲಿ ಓನರ್ ಅಂತ ಒಂದು ಜಾಗ ಇದೆ. ಅದನ್ನು ಪ್ರಿಂಟ್ ಮಾಡಿದರೆ ಥ್ರೆಡ್ ನಂಬರ್ ಬರುತ್ತದೆ. ಇನ್ಫೋ ಥ್ರೆಡ್ಸ್ ಕೊಟ್ಟು ಹೋಲಿಸಿ. ಆ ಥ್ರೆಡ್ ಅನಲೈಸರ್‌ನ ರೀಡ್‌ನಲ್ಲಿ ಕೂತಿದ್ದರೆ ಮಳವಳ್ಳಿಯವರ ಊಹೆ ನಿಜ.

ಹೆಬ್ಬಾಳ_ಬೋರ್ಡ್ ಉತ್ತರ:

ಮೇಡಂ, ತುಂಬ ಥ್ಯಾಂಕ್ಸ್. ಪೋರ್ಟ್ ಅವತ್ತೇ ಮುಚ್ಚಿಸಿದೆ. ಬಿಲ್ಡ್‌ಐಡಿ ಹೊಂದಿತು. ಜರ್ನಲ್‌ನಲ್ಲಿ ನೀವು ಹೇಳಿದ ವಾಚ್‌ಡಾಗ್ ಸಾಲುಗಳು ಇದ್ದವು. ಸಿಸ್ರೂಟ್ ಲ್ಯಾಪ್‌ಟಾಪಿನಲ್ಲಿ ಇಟ್ಟ ಮೇಲೆ ಲೈಬ್ರರಿ ಓದುವ ಸಾಲುಗಳೇ ಬರಲಿಲ್ಲ, ಪ್ರಾಂಪ್ಟ್ ನೇರವಾಗಿ ಬಂತು.

ನಿನ್ನೆ ಬೆಳಗ್ಗೆ ಸೆಕ್ರೆಟರಿ ಫೋನ್ ಮಾಡಿ "ಸಾರ್, ಮತ್ತೆ ನಿಂತ್ಕೊಂಡಿದೆ" ಅಂದರು. ವಾಚ್‌ಡಾಗ್ ನಿಲ್ಲಿಸಿ ಬ್ಯಾಚ್ ಓಡಿಸಿದೆ. ಅವರು ಸಾಲಿನಲ್ಲಿದ್ದವರಿಗೆ ಎರಡು ಮಾತು ಹೇಳಿ ಮುಗಿಸುವಷ್ಟರಲ್ಲಿ ಬ್ಯಾಕ್‌ಟ್ರೇಸ್ ನನ್ನ ಫೈಲ್‌ನಲ್ಲಿತ್ತು. ಡಿಟ್ಯಾಚ್ ಆದ ಮೇಲೆ ಪ್ರೋಗ್ರಾಂ ಸಾಯಲಿಲ್ಲ, ಮೊದಲು ನಿಂತಿದ್ದ ಹಾಗೇ ನಿಂತಿತ್ತು. ಆಮೇಲೆ ಸಿಗ್‌ಅಬಾರ್ಟ್ ಕಳಿಸಿ ಕೋರ್ ಕೂಡ ತೆಗೆದುಕೊಂಡೆ, ಅದು ತಾನಾಗಿ ಎದ್ದಿತು. ವಾಚ್‌ಡಾಗ್ ಮತ್ತೆ ಯೆಸ್ ಮಾಡಿದ್ದೇನೆ.

ಕಂಡದ್ದು ಇಷ್ಟು. ಮೊದಲನೇ ಥ್ರೆಡ್ ಮ್ಯೂಟೆಕ್ಸ್‌ಗೆ ಕಾಯುತ್ತಿದೆ. ಓನರ್ ನಂಬರ್ ಎರಡನೇ ಥ್ರೆಡ್‌ನದ್ದು. ಎರಡನೇ ಥ್ರೆಡ್ ಲಾಕ್ ಹಿಡಿದುಕೊಂಡೇ ಅನಲೈಸರ್‌ನ ಸೀರಿಯಲ್ ಪೋರ್ಟ್ ಮೇಲೆ ರೀಡ್‌ನಲ್ಲಿ ಕೂತಿದೆ. ಮೂರನೆಯದು ನಿದ್ದೆಯಲ್ಲಿದೆ, ಎದ್ದಾಗ ಸಿಸ್ಟಮ್‌ಡಿಗೆ ಹೇಳಿ ಮತ್ತೆ ಮಲಗುತ್ತದೆ. ಮಳವಳ್ಳಿ ಸಾರ್, ನೀವು ಹೇಳಿದ್ದು ಸರಿ. ನಿಲ್ಲುವ ಸ್ವಲ್ಪ ಮುಂಚೆ ಕರೆಂಟ್ ಹೋಗಿ ಬಂದಿತ್ತಂತೆ. ಅನಲೈಸರ್ ಗೋಡೆಯ ಪ್ಲಗ್‌ನಲ್ಲೇ ಇದೆ.

ನಮ್ಮ ಕೋಡ್ ಅನಲೈಸರ್‌ಗೆ "ಫಲಿತಾಂಶ ಕೊಡು" ಅಂತ ಕೇಳಿ ಉತ್ತರಕ್ಕೆ ಕಾಯುತ್ತದೆ. ಸೀರಿಯಲ್ ಪೋರ್ಟಿನ ಸೆಟ್ಟಿಂಗ್‌ನಲ್ಲಿ ವಿಮಿನ್ 1, ವಿಟೈಮ್ 0 ಇದೆ. ವಿಟೈಮ್ ಅನ್ನು 20 ಮಾಡಿ, ವಿಮಿನ್ 0 ಮಾಡಿದರೆ ಸಾಕಾ?

ಸರಸ್ವತಿಪುರಂ ಉತ್ತರ:

ತುಂಬ ಸಂತೋಷ. ಚೆನ್ನಾಗಿ ಹಿಡಿದಿದ್ದೀರಿ.

ವಿಮಿನ್ 1, ವಿಟೈಮ್ 0 ಅಂದರೆ ಒಂದು ಬೈಟ್ ಬರುವ ತನಕ ರೀಡ್ ಎಷ್ಟು ಹೊತ್ತಾದರೂ ಕಾಯುತ್ತದೆ. ಕೇಳಿದ ಪ್ರಶ್ನೆಯನ್ನು ಅನಲೈಸರ್ ಕರೆಂಟ್ ಹೋದಾಗ ಮರೆತಿದೆ. ಉತ್ತರ ಇನ್ನು ಬರುವುದಿಲ್ಲ. ನಿಮ್ಮ ಥ್ರೆಡ್‌ಗೆ ಅದು ಗೊತ್ತಾಗುವ ದಾರಿಯೇ ಇಲ್ಲ.

ವಿಟೈಮ್ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕ. 20 ಅಂದರೆ 2 ಸೆಕೆಂಡ್. ಅದು ಒಂದೇ ಬೈಟ್‌ನಲ್ಲಿ ಕೂರುವ ಸಂಖ್ಯೆ, 255ಕ್ಕಿಂತ ಮೇಲೆ ಹೋಗುವುದಿಲ್ಲ. ಅಲ್ಲಿಗೆ ಗರಿಷ್ಠ 25.5 ಸೆಕೆಂಡ್. ನಿಮ್ಮ ಅನಲೈಸರ್ ಒಂದು ಸ್ಯಾಂಪಲ್ ನೋಡಲು ಮುಕ್ಕಾಲು ನಿಮಿಷ ತೆಗೆದುಕೊಳ್ಳುವುದಾದರೆ ವಿಟೈಮ್ ಸಾಲುವುದಿಲ್ಲ. ಪೋಲ್ (ಡೇಟಾಕ್ಕೆ ಹೇಳಿದಷ್ಟೇ ಹೊತ್ತು ಕಾಯುವ ಕರೆ) ಬಳಸಿ, ಯಂತ್ರದ ಅತಿ ನಿಧಾನದ ಟೆಸ್ಟಿಗಿಂತ ಸ್ವಲ್ಪ ಜಾಸ್ತಿ ಟೈಮ್‌ಔಟ್ ಕೊಡಿ. ಅಷ್ಟರಲ್ಲಿ ಬರದಿದ್ದರೆ ಪೋರ್ಟ್‌ನಲ್ಲಿ ಉಳಿದ ಹಳೇ ಬೈಟ್‌ಗಳನ್ನು ಚೆಲ್ಲಿ, ಮತ್ತೆ ಕೇಳಿ, ಡಿಸ್‌ಪ್ಲೇಯಲ್ಲಿ "ಸ್ಯಾಂಪಲ್ ಮತ್ತೆ ಇಡಿ" ಅಂತ ತೋರಿಸಿ. ಹಳೇ ಬೈಟ್ ಚೆಲ್ಲುವುದನ್ನು ಬಿಡಬೇಡಿ. ಬಿಟ್ಟರೆ ಒಬ್ಬರ ಫ್ಯಾಟ್ ಇನ್ನೊಬ್ಬರ ಚೀಟಿಗೆ ಹೋಗಬಹುದು. ಅದು ನಿಲ್ಲುವುದಕ್ಕಿಂತ ಕೆಟ್ಟದ್ದು. ಸಿಗ್ನಲ್ ಬಂದಾಗ ಪೋಲ್ ಮಧ್ಯದಲ್ಲೇ ವಾಪಸ್ ಬರಬಹುದು, ಅದನ್ನು ಯಂತ್ರದ ತಪ್ಪು ಅಂತ ಎಣಿಸದೆ ಉಳಿದ ಸಮಯಕ್ಕೆ ಮತ್ತೆ ಕಾಯಿರಿ. ಮುಂದೆ ಅದೇ ಜಾತಿಯ ಈಪೋಲ್‌ಗೆ ಹೋದರೆ ಡೀಬಗ್ಗರ್ ಜೋಡಿಸಿದ್ದಕ್ಕೇ ಹೀಗೆ ವಾಪಸ್ ಬರುವುದುಂಟು.

ಟೈಮ್‌ಔಟ್‌ಗಿಂತ ಮುಖ್ಯವಾದದ್ದು ಲಾಕ್. ಹೊರಗಿನ ಯಂತ್ರಕ್ಕೆ ಕಾಯುವಾಗ ಲಾಕ್ ಕೈಯಲ್ಲಿ ಇರಲೇಬಾರದು. ಉತ್ತರ ಪೂರ್ತಿ ಬಂದ ಮೇಲೆ ಲಾಕ್ ಹಿಡಿದು, ಅಂಕಿ ಬರೆದು, ಬಿಡಿ. ಆಗ ಅನಲೈಸರ್ ಸತ್ತರೂ ತೂಕ ನಡೆಯುತ್ತದೆ.

ಮೂರನೇ ಥ್ರೆಡ್ ಕೂಡ ಬದಲಾಗಬೇಕು. ಈಗ ಅದು ತಾನು ಬದುಕಿದ್ದೇನೆ ಅಂತ ಮಾತ್ರ ಹೇಳುತ್ತಿದೆ. ಕೆಲಸ ಮಾಡುವ ಎರಡೂ ಥ್ರೆಡ್‌ಗಳು ತಮ್ಮ ಸುತ್ತು ಮುಗಿದಾಗ ಒಂದು ಕೌಂಟರ್ ಹೆಚ್ಚಿಸಲಿ. ಎರಡೂ ಕೌಂಟರ್ ಮುಂದೆ ಹೋಗಿದ್ದರೆ ಮಾತ್ರ ಸಿಸ್ಟಮ್‌ಡಿಗೆ ಹೇಳಲಿ. ಅನಲೈಸರ್ ಥ್ರೆಡ್ ಪೂರ್ತಿ ಉತ್ತರಕ್ಕೆ ಒಂದೇ ಸಲ ಕಾಯದೆ, ಪೋಲ್ ಅನ್ನು ಸಣ್ಣ ತುಂಡುಗಳಲ್ಲಿ ಮಾಡಿ ಪ್ರತಿ ತುಂಡಿಗೂ ಕೌಂಟರ್ ಹೆಚ್ಚಿಸಬೇಕು. ಇಲ್ಲದಿದ್ದರೆ ಟೆಸ್ಟ್ ನಡೆಯುವಾಗಲೇ 30 ಸೆಕೆಂಡ್ ದಾಟಿ ವಾಚ್‌ಡಾಗ್ ಸಾಯಿಸುತ್ತದೆ.

ಇದನ್ನು ಪರೀಕ್ಷೆ ಮಾಡಲು ನಾಗಮಂಗಲಕ್ಕೆ ಹೋಗಬೇಕಾಗಿಲ್ಲ. ಹೆಬ್ಬಾಳದಲ್ಲೇ, ಟೆಸ್ಟ್ ಅರ್ಧ ಆದಾಗ ಅನಲೈಸರ್ ಪ್ಲಗ್ ಕಿತ್ತು ಮತ್ತೆ ಹಾಕಿ. ಹಳೇ ಪ್ರೋಗ್ರಾಂ ನಿಲ್ಲಬೇಕು, ಹೊಸದು ನಿಲ್ಲಬಾರದು. ಅಲ್ಲಿ ವಾಚ್‌ಡಾಗ್ ತೆಗೆದು, ಬ್ರೇಕ್‌ಪಾಯಿಂಟ್ ಹಾಕಿಕೊಂಡು ಎಷ್ಟು ಹೊತ್ತು ಬೇಕಾದರೂ ಕೂರಿ.

ಮಳವಳ್ಳಿ_ಸರ್ವಿಸ್ ಉತ್ತರ:

ಕೋಡ್ ಸರಿ ಮಾಡಿದ ಮೇಲೂ ಅನಲೈಸರ್‌ಗೆ ಯುಪಿಎಸ್ ಕೊಡಿಸಿ ಸಾರ್. ಅರ್ಧ ಟೆಸ್ಟ್ ಆದ ಹಾಲನ್ನು ಮತ್ತೆ ಇಡಬೇಕು ಅಂದರೆ ಹಾಲು ಹಾಕುವವರು ಒಪ್ಪುವುದಿಲ್ಲ, ಎರಡನೇ ಸಲ ಫ್ಯಾಟ್ ಒಂದು ಪಾಯಿಂಟ್ ಕಡಿಮೆ ಬಂದರೆ ಜಗಳ ಆಗುತ್ತದೆ. ಪೆಟ್ಟಿಗೆ ಕೂರಿಸಲು ಹೋದ ದಿನವೇ ಪ್ಲಗ್ ಎಲ್ಲೆಲ್ಲಿದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ.

ಮಂಡ್ಯ_ಮೂರನೇ_ವರ್ಷ ಕೇಳಿದ್ದು:

ಮೇಡಂ, ನಾನು ಮಂಡ್ಯದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ನಮ್ಮ ಪ್ರಾಜೆಕ್ಟ್ ಗದ್ದೆಗೆ ನೀರು ಬಿಡುವ ಸಣ್ಣ ಗೇಟ್, ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ ಬೋರ್ಡ್, ಮೋಟರ್. ಅದರಲ್ಲಿ ಲಿನಕ್ಸ್ ಇಲ್ಲ. ಜಿಡಿಬಿಸರ್ವರ್ ಎಲ್ಲಿ ಹಾಕುವುದು? ಇದೇ ಟಾರ್ಗೆಟ್ ರಿಮೋಟ್ ನಮಗೂ ಕೆಲಸ ಮಾಡುತ್ತದಾ?

ಸರಸ್ವತಿಪುರಂ ಉತ್ತರ:

ಮಾಡುತ್ತದಪ್ಪ. ಜಿಡಿಬಿಗೆ ಆ ಕಡೆ ಇರುವುದು ಲಿನಕ್ಸಾ, ಬರೀ ಚಿಪ್ಪಾ ಅನ್ನುವುದು ಮುಖ್ಯ ಅಲ್ಲ. ಎರಡೂ ಕಡೆಯವರು ಒಂದೇ ಸರಳ ಒಪ್ಪಂದದಲ್ಲಿ ಮಾತಾಡುತ್ತಾರೆ. ಡಾಲರ್ ಚಿಹ್ನೆ, ಆಮೇಲೆ ವಿಷಯ, ಆಮೇಲೆ ಹ್ಯಾಶ್ ಚಿಹ್ನೆ, ಕೊನೆಗೆ ಎರಡು ಹೆಕ್ಸ್ ಅಂಕಿಯ ಚೆಕ್‌ಸಮ್. ಚಿಕ್ಕ ಜಿ ಅಂದರೆ ರಿಜಿಸ್ಟರ್ ಕೊಡು, ಚಿಕ್ಕ ಎಂ ಅಂದರೆ ಮೆಮೊರಿ ಕೊಡು, ಪ್ರಶ್ನೆ ಚಿಹ್ನೆ ಅಂದರೆ ಯಾಕೆ ನಿಂತಿದ್ದೀಯ ಹೇಳು. ಹೆಬ್ಬಾಳದವರಿಗೆ ಹೇಳಿದ ಸೆಟ್ ಡೀಬಗ್ ರಿಮೋಟ್ 1 ನೀನೂ ಒಂದು ಸಲ ಕೊಟ್ಟು ನೋಡು, ಎಲ್ಲ ಕಣ್ಣಿಗೆ ಕಾಣುತ್ತದೆ.

ನಿನ್ನ ಬೋರ್ಡಿಗೆ ಎಸ್‌ಟಿ-ಲಿಂಕ್ (ಡೀಬಗ್ ಮಾಡುವ ಅಡಾಪ್ಟರ್) ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಓಪನ್‌ಒಸಿಡಿ ಓಡಿಸು. ಜಿಡಿಬಿಸರ್ವರ್ ಮಾಡುವ ಕೆಲಸವನ್ನು ಅದು ಮಾಡುತ್ತದೆ, 3333ನೇ ಪೋರ್ಟಿನಲ್ಲಿ ಕಾಯುತ್ತಿರುತ್ತದೆ. ಟಾರ್ಗೆಟ್ ಎಕ್ಸ್‌ಟೆಂಡೆಡ್-ರಿಮೋಟ್ ಅಂತ ಲೋಕಲ್‌ಹೋಸ್ಟ್‌ನ 3333ಕ್ಕೆ ಸೇರು, ಆಮೇಲೆ ಮಾನಿಟರ್ ರೀಸೆಟ್ ಹಾಲ್ಟ್, ಲೋಡ್. ಫ್ಲ್ಯಾಶ್‌ನಲ್ಲಿರುವ ಕೋಡ್‌ಗೆ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಬೇಕು. ಕಾರ್ಟೆಕ್ಸ್ ಎಂ4 ಆದರೆ ಆರು, ಎಂ0 ಆದರೆ ನಾಲ್ಕೇ. ಮುಗಿದದ್ದನ್ನು ತೆಗೆದು ಹೊಸದು ಹಾಕಬೇಕು.

ಒಂದು ವಿಷಯದಲ್ಲಿ ಮಾತ್ರ ತುಂಬ ಹುಷಾರಾಗಿರು. ಬ್ರೇಕ್‌ಪಾಯಿಂಟ್‌ನಲ್ಲಿ ನಿಲ್ಲುವುದು ಪ್ರೊಸೆಸರ್. ಮೋಟರ್ ಓಡಿಸುವ ಟೈಮರ್ ನಿಲ್ಲುವುದಿಲ್ಲ, ಪಿಡಬ್ಲ್ಯೂಎಂ (ಮೋಟರಿಗೆ ಹೋಗುವ ಪಲ್ಸ್) ಹಾಗೇ ಹೋಗುತ್ತಿರುತ್ತದೆ. ಗೇಟ್ ಕೊನೆ ಮುಟ್ಟಿತು ಅಂತ ಹೇಳುವ ಸ್ವಿಚ್ ಒತ್ತಿದರೂ ನೋಡುವವರು ಇರುವುದಿಲ್ಲ, ಮೋಟರ್ ತಿರುಗುತ್ತಲೇ ಇರುತ್ತದೆ, ಗೇರ್ ಮುರಿಯುತ್ತದೆ, ಯಾರ ಬೆರಳಾದರೂ ಇದ್ದರೆ ಇನ್ನೂ ಕಷ್ಟ. ಎಸ್‌ಟಿಎಂ32ರಲ್ಲಿ ಡಿಬಿಜಿಎಂಸಿಯು ಅನ್ನುವ ಭಾಗದಲ್ಲಿ, ಪ್ರೊಸೆಸರ್ ನಿಂತಾಗ ಟೈಮರನ್ನೂ ನಿಲ್ಲಿಸುವ ಫ್ರೀಜ್ ಬಿಟ್‌ಗಳಿವೆ. ನಿನ್ನ ಟೈಮರಿನ ಬಿಟ್ ಯಾವುದು ಅಂತ ಆ ಚಿಪ್‌ನ ರೆಫರೆನ್ಸ್ ಮ್ಯಾನುಯಲ್‌ನಲ್ಲಿ ನೋಡಿ ಅದನ್ನು 1 ಮಾಡು, ಇಂಡಿಪೆಂಡೆಂಟ್ ವಾಚ್‌ಡಾಗ್ ಬಳಸುತ್ತಿದ್ದರೆ ಅದರ ಬಿಟ್ ಕೂಡ. ಟೈಮರ್ ನಿಂತಾಗ ಪಿನ್ ಹೈನಲ್ಲೇ ಉಳಿಯಬಹುದು, ಹಾಗಾಗಿ ಅದನ್ನೊಂದೇ ನಂಬಬೇಡ. ಮೊದಲು ಮೋಟರಿನ ಪವರ್ ವೈರ್ ತೆಗೆದು, ಅಲ್ಲಿ ಒಂದು ಎಲ್‌ಇಡಿಯನ್ನು ರೆಸಿಸ್ಟರ್ ಜೊತೆ ಹಾಕಿ ಬ್ರೇಕ್‌ಪಾಯಿಂಟ್ ಪರೀಕ್ಷೆ ಮಾಡು. ಎಲ್‌ಇಡಿ ಹೇಗೆ ವರ್ತಿಸುತ್ತದೆ ಅಂತ ಇಲ್ಲೇ ಬರೆ, ಮುಂದಿನದನ್ನು ನೋಡೋಣ.